ಮನೆಯ ಮಾತು : ಸಹಿ ಹಾಕುವ ಮುನ್ನ

ಕಳೆದ ಸಂಚಿಕೆಯು ಓದುಗರ ಕೈಸೇರಿದ ಮೇಲೆ ಬಂದ ಪತ್ರಗಳಲ್ಲಿ ಒಂದನ್ನು ನಾವು ಬೇರೆಯಾಗಿ ತೆಗೆದಿರಿಸಿದ್ದೆವು. ಬರೆದವರು ನಮ್ಮ ಸಂಘದ ಹಳೆಯ ಸದಸ್ಯೆ, ರಾಯಚೂರಿನ ಕಡೆಯವರು, ಕಾಚಿಗೂಡದಲ್ಲಿ ನೆಲೆಸಿ ಮೂವತ್ತು ವರ್ಷಗಳ ಮೇಲಾಯಿತು. ಅವರ ಸೊಸೆ ಈಗ ಐದು ತಿಂಗಳ ಬಸುರಿ. ತಪಾಸಣೆಗೆ ಹೋದ ಆಸ್ಪತ್ರೆಯಲ್ಲಿ ವೈದ್ಯೆಯೊಬ್ಬರು, “ನಮ್ಮಲ್ಲಿ ಒಂದು ಸಂಶೋಧನೆ ನಡೆದಿದೆ, ಸೇರುವಿರಾ?” ಎಂದು ಕೇಳಿ, ಹತ್ತು ಹನ್ನೆರಡು ಪುಟಗಳ ಕಾಗದವನ್ನು ಕೈಯಲ್ಲಿಟ್ಟು ಕಳಿಸಿದ್ದಾರೆ. ಸೊಸೆಗೆ ಸೇರುವ ಮನಸ್ಸು ಉಂಟು. ಮಗನು ಎರಡೂ ಕಡೆಗೆ ತಲೆಯಾಡಿಸುವ ಸ್ವಭಾವದವನಂತೆ. ಅತ್ತೆಯವರಿಗೆ ಮಾತ್ರ ಸುತರಾಂ ಒಪ್ಪಿಗೆಯಿಲ್ಲ. “ಪ್ರಯೋಗ ಮಾಡ್ಲಿಕ್ಕೆ ನಮ್ಮ ಸೊಸಿ ಏನು ಇಲಿ ಅದಾಳೇನ್ರಿ? ನೀವರೆ ಒಂದು ಮಾತು ಬರೀರಿ” ಎಂದು ಪತ್ರವನ್ನು ಮುಗಿಸಿದ್ದಾರೆ.

ಮಾತು ಖಾರವಾಗಿದ್ದರೂ ತಳ್ಳಿಹಾಕುವಂಥದಲ್ಲ. ಬಸುರಿಯ ಮೈಯಲ್ಲಿ ಎರಡು ಜೀವ. ಅದರಲ್ಲಿ ಒಂದಕ್ಕೆ ಬಾಯಿಯಿಲ್ಲ. ಹಿರಿಯರು ಹೆದರುವುದು ಸಹಜ. ಆದರೆ ಅವರಿಗೆ ನಾವು ಒಂದು ಮರುಪ್ರಶ್ನೆ ಕೇಳಬೇಕೆಂದಿದ್ದೇವೆ. ಸೊಸೆಗೆ ದಿನವೂ ಊಟವಾದ ಮೇಲೆ ತಪ್ಪದೆ ತಾವೇ ನೀರಿನ ಲೋಟದೊಡನೆ ಕೊಡುವ ಆ ಕಬ್ಬಿಣದ ಗುಳಿಗೆ ಇದೆಯಲ್ಲ, ಅದು ಎಲ್ಲಿಂದ ಬಂತು?

ಅದರ ಕಥೆಯು ಹೈದರಾಬಾದಿಗೆ ಹತ್ತಿರದ್ದೇ. ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆಯು 1928ರಲ್ಲಿ ಮುಂಬಯಿಗೆ ಬಂದು, ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಡ ಗರ್ಭಿಣಿಯರಿಗೆ ಬರುತ್ತಿದ್ದ ಒಂದು ಬಗೆಯ ಕಠಿನ ರಕ್ತಹೀನತೆಯನ್ನು ಅಭ್ಯಾಸ ಮಾಡಿದರು. ಅವರು ಏನು ತಿನ್ನುತ್ತಾರೆ, ಹೇಗೆ ಬದುಕುತ್ತಾರೆ ಎಂಬುದನ್ನೆಲ್ಲ ನೋಡಿದರು. ಈಸ್ಟ್‌ನಿಂದ ತಯಾರಾದ ಮಾರ್ಮೈಟ್ ಎಂಬ ಅಗ್ಗದ ಪದಾರ್ಥವನ್ನು ತಿನ್ನಿಸಿದರೆ ಆ ರೋಗ ಇಳಿಯುವುದೆಂದು 1931ರಲ್ಲಿ ಪ್ರಕಟಿಸಿದರು. ಅದರಲ್ಲಿ ಅಡಗಿದ್ದ ವಸ್ತುವಿಗೆ ಆಗ ಹೆಸರಿರಲಿಲ್ಲ. 1941ರಲ್ಲಿ ಪಾಲಕ ಸೊಪ್ಪಿನಿಂದ ಅದನ್ನು ಬೇರ್ಪಡಿಸಿ ಫೋಲಿಕ್ ಆಮ್ಲವೆಂದು ಕರೆದರು. ಲೂಸಿ ವಿಲ್ಸ್ ಕೆಲವು ಕಾಲ ಕೂನೂರಿನಲ್ಲಿಯೂ ಕೆಲಸ ಮಾಡಿದರು. ಮೆಕ್ಯಾರಿಸನ್ ಎಂಬವರು 1918ರಲ್ಲಿ ಆರಂಭಿಸಿದ ಪೋಷಣಾ ಸಂಶೋಧನೆಯು ಅಲ್ಲಿಯೇ ನಡೆಯುತ್ತಿತ್ತು. ಆ ಸಂಸ್ಥೆಯೇ 1958ರಲ್ಲಿ ನಮ್ಮ ಹೈದರಾಬಾದಿಗೆ ಬಂದು, ಇಂದು ತಾರ್ನಾಕದಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆಯೆಂಬ ಹೆಸರಿನಿಂದ ನಿಂತಿರುವುದು. ನಮ್ಮಲ್ಲಿ ಅನೇಕರು ಅದರ ಮುಂದೆ ದಿನವೂ ಬಸ್ಸಿನಲ್ಲಿ ಹಾದುಹೋಗುತ್ತಾರೆ.

ಆ ಗಿರಣಿ ಹೆಂಗಸರ ಹೆಸರುಗಳು ಯಾವ ಪುಸ್ತಕದ ಮೇಲೂ ಇಲ್ಲ. ಆದರೂ ಅವರು ಹೂಂ ಎಂದು ಕೈಚಾಚಿ ರಕ್ತ ಕೊಟ್ಟಿರದಿದ್ದರೆ ಈ ಗುಳಿಗೆ ನಮ್ಮ ಮನೆಗೆ ಬರುವುದು ಇನ್ನೆಷ್ಟು ತಡವಾಗುತ್ತಿತ್ತೋ.

ಈಗ ಪ್ರಯೋಗವೆಂದರೇನು ಎಂಬುದನ್ನು ತುಸು ಬಿಡಿಸಿ ಹೇಳುವುದು ಅಗತ್ಯ. ಅದಕ್ಕೆ ಬೆಳಗಾವಿಗಿಂತ ಒಳ್ಳೆಯ ಉದಾಹರಣೆ ನಮಗೆ ತೋರದು.

ಹೆರಿಗೆಯಾಗಿ ಮಾಸು ಬಿದ್ದ ಮೇಲೆ—ನಮ್ಮ ಕಡೆ ‘ಕಸ’ ಎನ್ನುತ್ತೇವೆ—ಗರ್ಭಕೋಶವು ಮುಷ್ಟಿಯಂತೆ ಬಿಗಿಯಬೇಕು. ಬಿಗಿದರೆ ರಕ್ತನಾಳಗಳ ಬಾಯಿ ಮುಚ್ಚಿಕೊಳ್ಳುವುದು. ಸಡಿಲವಾಗಿ ಉಳಿದರೆ ರಕ್ತ ಹರಿಯುತ್ತಲೇ ಹೋಗಿ, ಗಟ್ಟಿಮುಟ್ಟಾದ ಹೆಂಗಸೂ ಕೆಲವೇ ಗಂಟೆಗಳಲ್ಲಿ ಕೈಬಿಟ್ಟು ಹೋಗುವಳು. ಇಂಥ ಸಾವನ್ನು ಕಣ್ಣಾರೆ ಕಂಡ ಅಜ್ಜಿಯರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ. ಇದನ್ನು ತಡೆಯುವ ಆಕ್ಸಿಟೋಸಿನ್ ಎಂಬ ಚುಚ್ಚುಮದ್ದು ಬಹುಕಾಲದಿಂದ ಇರುವುದು ನಿಜ. ಆದರೆ ಅದಕ್ಕೆ ತಂಪುಪೆಟ್ಟಿಗೆ ಬೇಕು, ಸೂಜಿ ಬೇಕು, ಸೂಜಿ ಹಾಕಲು ಪಳಗಿದ ಕೈ ಬೇಕು. ಹೊಲದ ನಡುವಿನ ಮನೆಯಲ್ಲಿ, ಕರೆಂಟು ಹೋದ ರಾತ್ರಿ, ಇವು ಮೂರೂ ಒಟ್ಟಿಗೆ ಎಲ್ಲಿ ಸಿಕ್ಕಬೇಕು?

ಬೆಳಗಾವಿಯ ಜವಾಹರಲಾಲ ನೆಹರು ವೈದ್ಯಕೀಯ ಕಾಲೇಜಿನವರು ಅಮೆರಿಕದ ವೈದ್ಯರೊಡನೆ ಕೂಡಿ ಕೇಳಿಕೊಂಡ ಪ್ರಶ್ನೆ ಇಷ್ಟೇ: ನುಂಗುವ ಗುಳಿಗೆಯೊಂದರಿಂದ ಈ ರಕ್ತಸ್ರಾವವನ್ನು ತಡೆಯಲಾದೀತೆ? ಗುಳಿಗೆಯ ಹೆಸರು ಮಿಸೊಪ್ರೊಸ್ಟಾಲ್. ಬಿಸಿಲಿಗೆ ಕೆಡುವುದಿಲ್ಲ, ಬೆಲೆಯೂ ಅಗ್ಗ. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹಳ್ಳಿಗಳಲ್ಲಿ 1,620 ಮಂದಿ ತಾಯಂದಿರು ಈ ಪ್ರಯೋಗಕ್ಕೆ ಒಪ್ಪಿ ಸೇರಿದರು. ಮಗು ಹುಟ್ಟಿದ ಕೂಡಲೆ ಹಳ್ಳಿಯ ನರ್ಸಮ್ಮ ಗುಳಿಗೆಯನ್ನು ಕೊಡುತ್ತಿದ್ದಳು. ಅರ್ಧದಷ್ಟು ತಾಯಂದಿರಿಗೆ ನಿಜವಾದ ಔಷಧ. ಉಳಿದವರಿಗೆ ನೋಡಲು ಹಾಗೆಯೇ ಇರುವ, ಒಳಗೆ ಔಷಧವಿಲ್ಲದ ಹುಸಿ ಗುಳಿಗೆ. ಯಾರಿಗೆ ಯಾವುದು ಎಂಬುದು ಚೀಟಿ ಎತ್ತಿದಂತೆ ನಿರ್ಧಾರವಾಗಿರುತ್ತಿತ್ತು. ಕೊಡುವ ನರ್ಸಮ್ಮನಿಗೂ ಅದು ತಿಳಿಯದು, ನುಂಗುವ ಬಾಣಂತಿಗೂ ತಿಳಿಯದು. ಎಷ್ಟು ರಕ್ತ ಹೋಯಿತೆಂಬುದನ್ನು ಕಣ್ಣಳತೆಗೆ ಬಿಡಲಿಲ್ಲ. ಕೆಳಗೆ ಹಾಸಿದ ಪ್ಲಾಸ್ಟಿಕ್ ಹಾಳೆಯ ತುದಿಗೆ ಅಳತೆಯ ಗೆರೆಗಳುಳ್ಳ ಚೀಲವೊಂದನ್ನು ಜೋಡಿಸಿ ಅದರಲ್ಲಿ ಹಿಡಿದು ನೋಡಿದರು.

ಹೀಗೇಕೆ ಕಣ್ಣುಮುಚ್ಚಾಲೆ ಆಡಬೇಕು ಎಂದು ಕೇಳುವಿರಿ. ತನ್ನ ಕೈಯಿಂದ ಒಳ್ಳೆಯ ಔಷಧ ಕೊಟ್ಟೆನೆಂದು ನಂಬಿದವಳಿಗೆ ರಕ್ತ ಕಡಿಮೆ ಹೋದಂತೆಯೇ ಕಾಣುವುದು. ಅದು ಮನುಷ್ಯ ಸ್ವಭಾವ. ವೈದ್ಯರೇ ಗಟ್ಟಿಮುಟ್ಟಾದವರನ್ನು ಆರಿಸಿ ಔಷಧ ಕೊಟ್ಟರೆ ಫಲವು ಔಷಧದ್ದೋ ಮೈಕಟ್ಟಿನದೋ ಹೇಳಲಾಗದು. ಚೀಟಿಗೆ ಪಕ್ಷಪಾತವಿಲ್ಲ.

2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು. ಹುಸಿ ಗುಳಿಗೆಯವರಲ್ಲಿ ನೂರಕ್ಕೆ 12 ಮಂದಿಗೆ ಅತಿ ರಕ್ತಸ್ರಾವವಾಗಿತ್ತು. ಔಷಧ ನುಂಗಿದವರಲ್ಲಿ ನೂರಕ್ಕೆ 6.4. ಒಂದು ಲೀಟರಿಗೂ ಮೀರಿದ ಘೋರ ಸ್ರಾವವು ನೂರಕ್ಕೆ 1.2ರಿಂದ 0.2ಕ್ಕೆ ಇಳಿದಿತ್ತು. ಹದಿನೆಂಟು ಬಾಣಂತಿಯರಿಗೆ ಗುಳಿಗೆ ಕೊಟ್ಟರೆ ಒಬ್ಬಳ ರಕ್ತಸ್ರಾವ ತಪ್ಪುವುದೆಂದು ಲೆಕ್ಕ. ಚಳಿ ನಡುಕ, ಸ್ವಲ್ಪ ಜ್ವರ—ಇವು ಔಷಧ ಪಡೆದವರಲ್ಲಿ ಹೆಚ್ಚಾಗಿದ್ದುವು. ಅದನ್ನೂ ಮುಚ್ಚಿಡದೆ ಬರೆದರು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಬಳಕೆಗಾಗಿ ಮಿಸೊಪ್ರೊಸ್ಟಾಲನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಇಂದು ಆಫ್ರಿಕದ ಯಾವುದೋ ಹಳ್ಳಿಯಲ್ಲಿ ಒಬ್ಬ ತಾಯಿ ಆ ಗುಳಿಗೆಯಿಂದ ಉಳಿದರೆ ಅದರಲ್ಲಿ ನಮ್ಮ ಬೆಳಗಾವಿಯ ಹೆಣ್ಣುಮಕ್ಕಳ ಪಾಲೂ ಇದೆಯೆಂದು ನಾವು ಹೆಮ್ಮೆಯಿಂದಲೇ ಹೇಳುತ್ತೇವೆ.

ಹಾಗಾದರೆ ಹುಸಿ ಗುಳಿಗೆ ಪಡೆದ ಆ ಅರ್ಧದಷ್ಟು ಮಂದಿಯ ಗತಿಯೇನು? ಈ ಪ್ರಶ್ನೆಯನ್ನು ನಾವು ಹಾರಿಸಿ ಹೋಗುವಂತಿಲ್ಲ. ಆ ಕಾಲದಲ್ಲಿ ವೈದ್ಯರೇ ಇದನ್ನು ಕೇಳಿ ಚರ್ಚಿಸಿದ್ದುಂಟು. ಪ್ರಯೋಗ ನಡೆಸಿದವರ ಉತ್ತರ ಹೀಗೆ: ಆ ಹಳ್ಳಿಗಳ ಹೆರಿಗೆಗಳಲ್ಲಿ ಅದಕ್ಕೆ ಮೊದಲು ಯಾವ ಔಷಧವೂ ಸಿಕ್ಕುತ್ತಿರಲಿಲ್ಲ, ಹುಸಿ ಗುಳಿಗೆಯವರಿಗೂ ತರಬೇತಾದ ನರ್ಸಮ್ಮ ಪಕ್ಕದಲ್ಲಿದ್ದಳು, ರಕ್ತ ಹೆಚ್ಚಿದರೆ ದೊಡ್ಡ ಆಸ್ಪತ್ರೆಗೆ ಸಾಗಿಸುವ ಏರ್ಪಾಡು ಇತ್ತು. ಉತ್ತರವು ಪೂರ್ತಿ ಸಮಾಧಾನ ಕೊಡುವುದೆ? ನಮಗೆ ಮುಕ್ಕಾಲು ಪಾಲು ಕೊಡುತ್ತದೆ. ಉಳಿದ ಕಾಲು ಪಾಲನ್ನು ಓದುಗರಿಗೆ ಬಿಡುತ್ತೇವೆ. ಇಂದು ಅಂಥ ಪ್ರಯೋಗ ನಡೆಸುವುದಾದರೆ ಹುಸಿ ಗುಳಿಗೆ ಕೊಡುವಂತಿಲ್ಲ. ಒಳ್ಳೆಯದೆಂದು ಗೊತ್ತಾದ ಔಷಧದೊಡನೆಯೇ ಹೊಸದನ್ನು ಹೋಲಿಸಬೇಕು. 2018ರಲ್ಲಿ ಪ್ರಕಟವಾದ, ಭಾರತವೂ ಸೇರಿ 10 ದೇಶಗಳ 29,645 ತಾಯಂದಿರು ಪಾಲುಗೊಂಡ ಪ್ರಯೋಗದಲ್ಲಿ ಹಾಗೆಯೇ ಮಾಡಿದರು. ಬಿಸಿಗೆ ಕೆಡದ ಕಾರ್ಬೆಟೋಸಿನ್ ಎಂಬ ಹೊಸ ಚುಚ್ಚುಮದ್ದನ್ನು ಹಳೆಯ ಆಕ್ಸಿಟೋಸಿನ್ನಿನ ಎದುರು ನಿಲ್ಲಿಸಿದರು.

ಗುಳಿಗೆ ಸೂಜಿಗಳಿಲ್ಲದ ಸಂಶೋಧನೆಗಳೂ ಉಂಟು. ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 1987ರಿಂದ 1990ರವರೆಗೆ ಹೈದರಾಬಾದಿನ ಸಮೀಪದ 29 ಹಳ್ಳಿಗಳಲ್ಲಿ ಒಂದು ಅಭ್ಯಾಸ ಮಾಡಿದರು. 15 ಹಳ್ಳಿಗಳಲ್ಲಿ ಅಂಗನವಾಡಿಯ ಮೂಲಕ ಗರ್ಭಿಣಿಯರಿಗೂ ಎಳೆಯ ಮಕ್ಕಳಿಗೂ ದಿನವೂ ಪೌಷ್ಟಿಕ ಆಹಾರ ಸಿಕ್ಕುತ್ತಿತ್ತು. ಉಳಿದ 14 ಹಳ್ಳಿಗಳಿಗೆ ಆ ಯೋಜನೆ ಇನ್ನೂ ಬಂದಿರಲಿಲ್ಲ. ಆಹಾರವೇನೆಂದರೆ, ಮೆಕ್ಕೆಜೋಳ ಸೋಯಾ ಹಿಟ್ಟಿನ ಉಪ್ಪಿಟ್ಟು! ಆ ಮಕ್ಕಳು 13ರಿಂದ 18 ವರ್ಷದವರಾದಾಗ ಮತ್ತೆ ಹುಡುಕಿಕೊಂಡು ಹೋಗಿ ನೋಡಲಾಗಿ, ಆಹಾರ ಸಿಕ್ಕಿದ ಹಳ್ಳಿಗಳವರು ಸರಾಸರಿ 14 ಮಿಲಿಮೀಟರು ಎತ್ತರವಾಗಿದ್ದರು. ಮುಂದೆ ಸಕ್ಕರೆ ಕಾಯಿಲೆಗೆ, ಹೃದ್ರೋಗಕ್ಕೆ ದಾರಿಮಾಡುವ ಲಕ್ಷಣಗಳೂ ಅವರಲ್ಲಿ ಕಡಿಮೆ. ತಾಯಿಯ ತಟ್ಟೆಯ ಉಪ್ಪಿಟ್ಟು ಮಗನ ರಕ್ತನಾಳದವರೆಗೆ ಹೋಗುವುದೆಂದು 2008ರಲ್ಲಿ ಲೋಕಕ್ಕೆ ತಿಳಿದದ್ದು ಹೀಗೆ.

ಇಷ್ಟು ಓದಿದ ನಮ್ಮ ಅತ್ತೆಯವರು, “ಇವರು ಡಾಕ್ಟರ ಪಾರ್ಟಿಯವರೇ” ಎಂದು ತೀರ್ಮಾನಿಸಿಯಾರು. ಸ್ವಲ್ಪ ತಾಳಬೇಕು. ಅವರ ಹೆದರಿಕೆಗೆ ಆಧಾರವೂ ಇದೇ ಊರಿನ ಬಳಿಯೇ ಇದೆ.

1985ರಲ್ಲಿ ಪಟಾನಚೆರುವಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆಂಗಸರಿಗೆ ‘ನೆಟ್-ಎನ್’ ಎಂಬ ಗರ್ಭನಿರೋಧಕ ಚುಚ್ಚುಮದ್ದನ್ನು ಕೊಡುತ್ತಿದ್ದರು. ಎರಡು ತಿಂಗಳಿಗೊಮ್ಮೆ ಹಾಕಿಸಿಕೊಂಡರೆ ಬಸಿರಾಗುವುದಿಲ್ಲವೆಂದು ಹೇಳಿದ್ದರೇ ಹೊರತು, ಅದು ಇನ್ನೂ ಪರೀಕ್ಷೆಯಲ್ಲಿರುವ ಔಷಧವೆಂದಾಗಲಿ, ಮುಟ್ಟು ಏರುಪೇರಾಗುವುದೇ ಮೊದಲಾದ ತೊಂದರೆಗಳಿವೆಯೆಂದಾಗಲಿ ಬಿಡಿಸಿ ಹೇಳಿರಲಿಲ್ಲ. ಹೈದರಾಬಾದಿನ ಸ್ತ್ರೀ ಶಕ್ತಿ ಸಂಘಟನೆಯ ಹೆಂಗಸರು ಅಲ್ಲಿಗೆ ಹೋಗಿ ವಿಚಾರಿಸಿದಾಗ ಈ ಸಂಗತಿ ಹೊರಬಿತ್ತು. ಅವರು ದೆಹಲಿಯ ಸಹೇಲಿ ಮೊದಲಾದ ಸಂಘಗಳೊಡನೆ ಕೂಡಿ 1986ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಮೊಕದ್ದಮೆ 2000ದವರೆಗೆ ನಡೆಯಿತು. ಮನೆವಾರ್ತೆ ನೋಡಿಕೊಂಡು, ಕೆಲಸಕ್ಕೂ ಹೋಗುತ್ತ, ಹದಿನಾಲ್ಕು ವರ್ಷ ಒಂದು ಪ್ರಶ್ನೆಯನ್ನು ಕೈಬಿಡದೆ ಹಿಡಿದ ಈ ಊರ ಹೆಂಗಸರನ್ನು ನಾವು ನೆನೆಯುವುದೇ ಕಡಿಮೆ.

ಇನ್ನೊಂದು ಹತ್ತಿರದ್ದೇ. 2009ರಲ್ಲಿ ಆಗಿನ ಆಂಧ್ರಪ್ರದೇಶದ, ಈಗಿನ ತೆಲಂಗಾಣದ, ಖಮ್ಮಂ ಜಿಲ್ಲೆಯಲ್ಲಿ ಗರ್ಭಕಂಠದ ಕ್ಯಾನ್ಸರನ್ನು ತಡೆಯುವ ಲಸಿಕೆಯನ್ನು 10ರಿಂದ 14 ವರ್ಷದ ಸಾವಿರಾರು ಬಾಲಕಿಯರಿಗೆ ಹಾಕುವ ಯೋಜನೆಯೊಂದು ನಡೆಯಿತು. ಅವರಲ್ಲಿ ಬಹಳ ಮಂದಿ ಹಾಸ್ಟೆಲುಗಳಲ್ಲಿದ್ದ ಬುಡಕಟ್ಟಿನ ಮಕ್ಕಳು. ಅಪ್ಪ ಅವ್ವ ಸಹಿ ಹಾಕಬೇಕಾದ ಕಾಗದಗಳಿಗೆ ಅನೇಕ ಕಡೆ ಹಾಸ್ಟೆಲಿನ ವಾರ್ಡನ್ನರು ಸಹಿ ಹಾಕಿದ್ದರು. 2010ರ ಏಪ್ರಿಲಿನಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. 2013ರಲ್ಲಿ ಸಂಸತ್ತಿನ ಸ್ಥಾಯೀ ಸಮಿತಿಯು ಕಟುವಾಗಿ ಟೀಕಿಸಿತು. ಲಸಿಕೆ ಕೆಟ್ಟದ್ದೆಂದು ಇದರಿಂದ ತಿಳಿಯಬಾರದು. ಅದು ಒಳ್ಳೆಯದೇ, ಲೋಕದ ಬಹು ದೇಶಗಳಲ್ಲಿ ಹಾಕುತ್ತಿದ್ದಾರೆ. ಒಳ್ಳೆಯ ಔಷಧವನ್ನೂ ಕೇಳದೆ ಕೊಟ್ಟರೆ ಎಂಥ ಅಪನಂಬಿಕೆ ಹುಟ್ಟುವುದೆಂಬುದಕ್ಕೆ ಹೇಳಿದೆವು.

ಇಂಥವುಗಳಿಂದ ಪೆಟ್ಟು ತಿಂದು ಕಾನೂನುಗಳೂ ಬಿಗಿಯಾಗಿವೆ. ಮನುಷ್ಯರ ಮೇಲಿನ ಔಷಧ ಪ್ರಯೋಗವನ್ನು ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ಮೊದಲೇ ನೋಂದಾಯಿಸುವುದು 2009ರ ಜೂನ್ 15ರಿಂದ ಕಡ್ಡಾಯ. ಕಾಗದದ ಮೇಲೆ ಆ ಸಂಖ್ಯೆ ಇರುವುದೇ ನೋಡಿ, ಇಲ್ಲದಿದ್ದರೆ ಕೇಳಿ. ಹೊಸ ಔಷಧಗಳ ಮತ್ತು ಪ್ರಯೋಗಗಳ ನಿಯಮಾವಳಿ 2019ರದು. ಅದರಂತೆ ಪ್ರತಿಯೊಂದು ಪ್ರಯೋಗವನ್ನೂ ನೈತಿಕ ಸಮಿತಿಯೊಂದು ಪರಿಶೀಲಿಸಬೇಕು. ಕನಿಷ್ಠ ಏಳು ಮಂದಿಯ ಆ ಸಮಿತಿಯಲ್ಲಿ ಅರ್ಧದಷ್ಟು ಜನ ಆ ಸಂಸ್ಥೆಯ ಹೊರಗಿನವರಿರಬೇಕು. ಕಾನೂನು ಬಲ್ಲವರು, ಹೆಣ್ಣುಮಕ್ಕಳು, ನಮ್ಮ ನಿಮ್ಮಂಥ ಸಾಮಾನ್ಯರೂ ಇರಬೇಕು. ಪ್ರಯೋಗದಿಂದ ತೊಂದರೆಯಾದರೆ ಚಿಕಿತ್ಸೆ ಪುಕ್ಕಟೆ, ಪರಿಹಾರವೂ ಉಂಟು. ತಾಯಿ ಪಾಲುಗೊಂಡ ಕಾರಣ ಹೊಟ್ಟೆಯೊಳಗಿನ ಕೂಸಿಗೆ ಹಾನಿಯಾದರೆ ಅದನ್ನೂ ಪ್ರಯೋಗದ ಹಾನಿಯೆಂದೇ ಎಣಿಸಬೇಕೆಂದು ನಿಯಮದಲ್ಲಿ ಸ್ಪಷ್ಟವಾಗಿ ಬರೆದಿದೆ. ಓದು ಬಾರದವರು ಹೆಬ್ಬೆಟ್ಟು ಒತ್ತುವಾಗ ಪ್ರಯೋಗಕ್ಕೆ ಸಂಬಂಧಪಡದ ಒಬ್ಬ ಸಾಕ್ಷಿ ಪೂರ್ತಿ ಹೊತ್ತು ಕೂತಿರಬೇಕು.

ಇವೆಲ್ಲ ಇದ್ದರೂ ಕೇಳುವ ಬಾಯಿ ನಮ್ಮದಾಗಿರಬೇಕು. ಸೊಸೆಯು ವೈದ್ಯೆಯ ಮುಂದೆ ಕೂತಾಗ ಸಂಕೋಚ ಬಿಟ್ಟು ಕೇಳಲಿ: ನಾನು ಸೇರದಿದ್ದರೆ ನನಗೆ ಸಿಕ್ಕುವ ಚಿಕಿತ್ಸೆ ಯಾವುದು, ಸೇರಿದರೆ ಅದರಲ್ಲಿ ಏನು ಬದಲಾಗುವುದು? ಈ ಔಷಧವನ್ನು ಮೊದಲು ಗರ್ಭಿಣಿಯರಿಗೆ ಕೊಟ್ಟಿದ್ದುಂಟೆ? ರಾತ್ರಿ ಹೊಟ್ಟೆ ನೋವು ಬಂದರೆ ಯಾರಿಗೆ ಫೋನು ಮಾಡಲಿ? ಹೆರಿಗೆಯಾದ ಮೇಲೆ ಮಗುವನ್ನು ಎಷ್ಟು ವರ್ಷ ನೋಡುವಿರಿ? ತೆಗೆದ ರಕ್ತವನ್ನು ಮುಂದೆ ಇನ್ನೇನಕ್ಕೆ ಬಳಸುವಿರಿ? ನಡುವೆ ಬಿಡಬೇಕೆನಿಸಿದರೆ ಬಿಡಬಹುದೆ? ಈ ಕೊನೆಯ ಪ್ರಶ್ನೆಗೆ ‘ಯಾವಾಗ ಬೇಕಾದರೂ ಬಿಡಬಹುದು, ಚಿಕಿತ್ಸೆಗೆ ಕುಂದಿಲ್ಲ’ ಎಂಬ ಉತ್ತರ ತಡವರಿಸದೆ ಬರಬೇಕು. ಬಾರದಿದ್ದರೆ ಎದ್ದು ಬರುವುದೇ ಸರಿ. ಕಾಗದವನ್ನು ಮನೆಗೆ ಕೊಟ್ಟು ಕಳಿಸಿದ್ದಾರೆಂಬುದು ಮಾತ್ರ ಒಳ್ಳೆಯ ಲಕ್ಷಣವೆಂದೇ ನಾವು ತಿಳಿಯುತ್ತೇವೆ. ಅವಸರ ಮಾಡುವವರು ಪೆನ್ನನ್ನೇ ಮೊದಲು ಕೊಡುತ್ತಾರೆ.

ಮತ್ತೊಂದು ಮಾತನ್ನು ಅತ್ತೆಯವರು ಮುನಿಯದೆ ಕೇಳಬೇಕು. ಒಪ್ಪಿಗೆ ಸೊಸೆಯದು. ಗಂಡನ ಸಹಿಯಾಗಲಿ ಅತ್ತೆಯ ತಲೆದೂಗುವಿಕೆಯಾಗಲಿ ಅದರ ಬದಲಿಗೆ ನಿಲ್ಲದು. ಹಾಗೆಯೇ ‘ಡಾಕ್ಟರಮ್ಮ ಬೇಸರ ಮಾಡಿಕೊಂಡಾರು’ ಎಂಬ ದಾಕ್ಷಿಣ್ಯಕ್ಕೂ ಅವಳು ಸಹಿ ಹಾಕಬಾರದು. ಮನೆಯವರು ಕೂತು ಓದಬೇಕು, ಸಾಧಕಬಾಧಕ ಹೇಳಬೇಕು. ಆಮೇಲೆ ಅವಳಿಗೆ ಬಿಡಬೇಕು.

ಮಕ್ಕಳಾಗಲಿಲ್ಲವೆಂದು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವ ದಂಪತಿಗಳಿಗೂ ಇಲ್ಲಿಯೇ ಒಂದು ಎಚ್ಚರಿಕೆ ಹೇಳಬೇಕು. ಈ ಊರಿನಲ್ಲಿ ಸಂತಾನ ಚಿಕಿತ್ಸೆಯ ಕೇಂದ್ರಗಳು ಓಣಿಗೊಂದಾಗಿವೆ. “ಹೊಸ ವಿಧಾನ, ಒಂದಿಷ್ಟು ಹೆಚ್ಚಿಗೆ ಹಣ” ಎಂದು ಯಾರಾದರೂ ಹೇಳಿದರೆ ಅದು ಸಂಶೋಧನೆಯಲ್ಲ, ವ್ಯಾಪಾರ. ನಿಜವಾದ ಸಂಶೋಧನೆಯಲ್ಲಿ ಪರೀಕ್ಷಿಸುವ ಔಷಧಕ್ಕೆ ಪಾಲುಗೊಂಡವರಿಂದ ಹಣ ಕೇಳುವುದಿಲ್ಲ. ಹೋಗಿಬರುವ ಆಟೋ ಖರ್ಚನ್ನು ಅವರೇ ಕೊಡುವುದುಂಟು. ಗರ್ಭಕೋಶದ ಒಳಪದರವನ್ನು ತುಸು ಗೀರಿದರೆ ಪ್ರನಾಳ ಶಿಶು ಚೆನ್ನಾಗಿ ನಾಟುವುದೆಂದು ಕೆಲವು ವರ್ಷ ಹಲವು ದೇಶಗಳಲ್ಲಿ ಹಣ ಪಡೆದು ಮಾಡುತ್ತಿದ್ದರು. ಕೊನೆಗೆ ಐದು ದೇಶಗಳ 1,364 ಹೆಂಗಸರು ಚೀಟಿ ಎತ್ತುವ ಪ್ರಯೋಗಕ್ಕೆ ಒಪ್ಪಿದರು. 2019ರಲ್ಲಿ ಫಲ ಬಂತು: ಗೀರಿಸಿಕೊಂಡವರಲ್ಲಿ ನೂರಕ್ಕೆ 26.1 ಮಂದಿಗೆ ಮಗುವಾಗಿತ್ತು. ಗೀರಿಸಿಕೊಳ್ಳದವರಲ್ಲಿಯೂ ನೂರಕ್ಕೆ 26.1. ನೋವು ಮತ್ತು ಹಣ ಎರಡೂ ವ್ಯರ್ಥವೆಂದು ತಿಳಿಸಿಕೊಟ್ಟವರು ಆ ಹೆಂಗಸರು. ಮಗುವಿನ ಆಸೆಯಲ್ಲಿದ್ದೂ ಚೀಟಿಗೆ ತಲೆಬಾಗಿದ ಅವರ ಧೈರ್ಯ ಸಣ್ಣದಲ್ಲ.

ಕಡೆಗೆ ಭಾಷೆಯ ಮಾತು. ನಮ್ಮ ಊರಿನಲ್ಲಿ ಈ ಕಾಗದಗಳು ತೆಲುಗು, ಹಿಂದಿ, ಉರ್ದು, ಇಂಗ್ಲಿಷುಗಳಲ್ಲಿ ದೊರೆಯುವುವು. ಬಜಾರಿನಲ್ಲಿ ತೆಲುಗು ಉರ್ದು ಸೊಗಸಾಗಿ ಆಡುವ ನಮ್ಮ ಹೆಣ್ಣುಮಕ್ಕಳಿಗೂ ಅವನ್ನು ಓದುವುದು ಬೇರೆ ಮಾತು. ಗಂಡನ ಮನೆಗೆ ಹೊಸದಾಗಿ ಬಂದ ಕಲಬುರ್ಗಿ, ರಾಯಚೂರು, ಬೀದರದ ಹುಡುಗಿಯರಿಗಂತೂ ಇನ್ನೂ ಕಷ್ಟ. ಪಾಲುಗೊಳ್ಳುವವರಿಗೆ ತಿಳಿಯುವ ಭಾಷೆಯಲ್ಲಿಯೇ ವಿವರಿಸಬೇಕೆಂಬುದು ನಿಯಮ. ಆದುದರಿಂದ ‘ಕನ್ನಡದಲ್ಲಿ ಹೇಳಿಸಿ’ ಎಂದು ಕೇಳಲು ನಾಚಬೇಕಾಗಿಲ್ಲ. ಕಾಗದದ ಒಂದು ಪ್ರತಿ ನಿಮ್ಮ ಕೈಯಲ್ಲಿ ಉಳಿಯಬೇಕೆಂಬುದನ್ನೂ ಮರೆಯಬೇಡಿ. ನೃಪತುಂಗ ಶಾಲೆಯಲ್ಲಿ ಕಲಿತು ಈಗ ವೈದ್ಯರಾಗಿ, ವಕೀಲರಾಗಿ ಇರುವವರು ನಮ್ಮ ಸದಸ್ಯರಲ್ಲಿಯೇ ಕೆಲವರಿದ್ದಾರೆ. ಅವರಲ್ಲಿ ಇಬ್ಬರು ಭಾನುವಾರ ಬೆಳಿಗ್ಗೆ ಸಂಘದ ವಾಚನಾಲಯದಲ್ಲಿ ಕೂತು, ತಂದ ಕಾಗದವನ್ನು ಸಾಲುಸಾಲಾಗಿ ಕನ್ನಡದಲ್ಲಿ ಓದಿ ಹೇಳಲು ಒಪ್ಪಿರುವರು. ಸೇರಿ ಎಂದಾಗಲಿ ಬೇಡ ಎಂದಾಗಲಿ ಅವರು ಹೇಳುವುದಿಲ್ಲ. ಬರುವವರು ಹತ್ತು ಗಂಟೆಯೊಳಗೆ ಬರಬೇಕು, ಕಾಗದದ ಎಲ್ಲ ಪುಟಗಳನ್ನೂ ತರಬೇಕು. ಮತ್ತು ಅತ್ತೆ ಸೊಸೆ ಇಬ್ಬರೂ ಬಂದರೆ ಒಳ್ಳೆಯದು.